ಕಾಳಿ ಎಂಬ ನಾಯಿ ಪಾಠ ಮಾಡಿದ ದಿನ

ಎಲ್ಲರಿಗೂ ನಮಸ್ಕಾರ.

ಎಷ್ಟೋ ವರ್ಷ ನಾನು ತಕ್ಕೋಲಂ ಯುದ್ಧವನ್ನು ಒಂದೇ ಉಸಿರಿಗೆ ಮುಗಿಸುತ್ತಿದ್ದೆ. ಕ್ರಿ.ಶ. 949, ರಾಷ್ಟ್ರಕೂಟರ ಮೂರನೇ ಕೃಷ್ಣ ಗೆದ್ದ, ಚೋಳರ ರಾಜಾದಿತ್ಯ ಸತ್ತ. ಬರ್ಕೊಳ್ಳಿ, ಪರೀಕ್ಷೆಗೆ ಬರಬಹುದು. ಮಕ್ಕಳು ಬರೆದುಕೊಳ್ಳುತ್ತಿದ್ದರು. ಒಂದು ಪ್ರಶ್ನೆಯೂ ಬರುತ್ತಿರಲಿಲ್ಲ. ಪಾಠ ಚೆನ್ನಾಗಿ ಆಯ್ತು ಅಂದುಕೊಂಡು ಸ್ಟಾಫ್ ರೂಮಿಗೆ ಹೋಗಿ ಟೀ ಕುಡಿಯುತ್ತಿದ್ದೆ.

ಒಂದು ವರ್ಷ ಸುಮ್ನೆ ಬೇರೆ ಥರ ಮಾಡಿ ನೋಡೋಣ ಅನ್ನಿಸಿತು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ವೀರಗಲ್ಲಿನ ಚಿತ್ರವನ್ನು ಜೆರಾಕ್ಸ್ ಮಾಡಿಸಿಕೊಂಡು ಹೋದೆ. ಮೂಲ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ಊರು, ಕಾಲ, ಅರಸ, ಯಾವುದನ್ನೂ ಹೇಳಲಿಲ್ಲ. ನಾಲ್ಕು ಜನಕ್ಕೆ ಒಂದು ಹಾಳೆ ಕೊಟ್ಟು, "ಏನು ಕಾಣುತ್ತೆ, ಅಷ್ಟೇ ಹೇಳಿ. ಏನನ್ನಿಸುತ್ತೆ ಅನ್ನೋದು ಆಮೇಲೆ" ಅಂದೆ.

ಈ ಎರಡನ್ನು ಬೇರೆ ಮಾಡಿಸೋದೇ ಕಷ್ಟ. "ಬೇಟೆ ಸಾರ್" ಅಂದ ಒಬ್ಬ. ಬೇಟೆ ಕಾಣುತ್ತಾ? ಮತ್ತೆ ನೋಡಿದ. "ಇಲ್ಲ ಸಾರ್. ಒಂದು ನಾಯಿ, ಒಂದು ಹಂದಿ. ಕಚ್ಚಾಡ್ತಿವೆ." ಸುತ್ತ ಅಕ್ಷರ ಇವೆ. ಮನುಷ್ಯ ಇಲ್ಲ. ಮನುಷ್ಯ ಇಲ್ಲ ಅನ್ನೋದನ್ನು ಹಿಂದಿನ ಬೆಂಚಿನ ಹುಡುಗಿ ಕಂಡುಹಿಡಿದಳು. ವೀರಗಲ್ಲಿನಲ್ಲಿ ವೀರನೇ ಇಲ್ವಲ್ಲ! ಅಲ್ಲಿಂದ ಪ್ರಶ್ನೆಗಳು ಶುರುವಾದವು. ನಾಯಿಗೆ ಯಾರು ಕಲ್ಲು ಹಾಕಿಸ್ತಾರೆ? ದುಡ್ಡು ಯಾರು ಕೊಟ್ರು?

ಆಗ ಶಾಸನದ ಮಾತನ್ನು ಈಗಿನ ಕನ್ನಡದಲ್ಲಿ ಓದಿದೆ. ಮೂರನೇ ಕೃಷ್ಣನ ಪರವಾಗಿದ್ದ ಗಂಗರ ಅರಸ ಬೂತುಗ, ಅವನ ಕಡೆಯ ಮನಲೇರ ಎಂಬ ವೀರ ಯುದ್ಧದಲ್ಲಿ ಚೆನ್ನಾಗಿ ಕಾದಿದ. ಒಡೆಯ ಮೆಚ್ಚಿ "ಏನು ಬೇಕೋ ಕೇಳು" ಅಂದ. ಇವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ಕಾಳಿ ಎಂಬ ನಾಯಿಯನ್ನು ಕೇಳಿದ. ಬೆಳತೂರಿನ ಪಡುವಣ ಗುಡ್ಡದಲ್ಲಿ ಅದನ್ನು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ "ಒಡಸತ್ತುವು". ಒಟ್ಟಿಗೇ ಸತ್ತವು ಅಂತ. ಆ ಪದವನ್ನು ಮಾತ್ರ ಹಾಗೇ ಬೋರ್ಡಿನ ಮೇಲೆ ಬರೆದೆ. ಸಾವಿರ ವರ್ಷದ ಹಿಂದಿನ ಕನ್ನಡ ಏಳನೇ ಕ್ಲಾಸಿನವರಿಗೆ ಅರ್ಥವಾಗುತ್ತೆ ಅಲ್ವಾ, ಅದೇ ಒಂದು ಖುಷಿ. ನಾಯಿಯ ಕಲ್ಲಿಗೆ ಜಮೀನೂ ಬಿಟ್ಟಿದ್ದಾರೆ. ಆ ಕಲ್ಲಿಗೆ ಪೂಜೆ ಮಾಡದೆ ಉಂಡ ಗೊರವನಿಗೆ, ಅಂದರೆ ಶೈವ ಪೂಜಾರಿಗೆ, ನಾಯಿಯ ಪಾಪ ತಟ್ಟುತ್ತೆ ಅಂತ ಬೆದರಿಕೆ ಬೇರೆ.

ಇದೇ ಕಲ್ಲಿನಲ್ಲಿ ತಕ್ಕೋಲಂ ಇದೆ. ಬೂತುಗ "ಬಿಸುಗೆಯೆ ಕಳನಾಗೆ" ಸುರಿಗೆಯಿಂದ, ಅಂದರೆ ಚಿಕ್ಕ ಕತ್ತಿಯಿಂದ, ಇರಿದು ರಾಜಾದಿತ್ಯನನ್ನು ಕೊಂದ ಅಂತ. ಇದನ್ನು ಮೊದಲು ಓದಿದ ವಿದ್ವಾಂಸರು ಅಪ್ಪಿಕೊಂಡು ಮೋಸದಿಂದ ಇರಿದ ಎಂದು ಅರ್ಥ ಮಾಡಿದರು. ಆಮೇಲೆ ಬಂದವರು, ಬಿಸುಗೆ ಅಂದರೆ ಆನೆಯ ಮೇಲಿನ ಅಂಬಾರಿ, ಅದನ್ನೇ ರಣರಂಗ ಮಾಡಿಕೊಂಡು ಕಾದಿದ ಅಂದರು. ಒಂದು ಪದಕ್ಕೆ ಮೋಸಗಾರ ಹೋಗಿ ವೀರ ಬಂದ. ಮೂಲ ಆಕರ ತೋರಿಸಿದರೆ ಸತ್ಯ ತಾನೇ ಎದ್ದು ಬರುತ್ತೆ ಅಂತ ಕೆಲವರು ನಂಬುತ್ತಾರೆ. ನನಗೆ ಆ ನಂಬಿಕೆ ಇಲ್ಲ. ಕಲ್ಲಿಗೂ ಒಂದು ಪಕ್ಷ ಇರುತ್ತೆ.

ಅದಕ್ಕೇ ಎದುರು ಪಕ್ಷದ ಮಾತನ್ನೂ ತಂದಿದ್ದೆ. ಚೋಳರ ತಾಮ್ರಪಟ ಒಂದು ಬಹಳ ಕಾಲ ನೆದರ್‌ಲ್ಯಾಂಡ್ಸ್‌ನ ಲೈಡನ್‌ನಲ್ಲಿತ್ತು. ರಾಜಾದಿತ್ಯ ಆನೆಯ ಮೇಲೆ ಕೂತಿದ್ದಾಗ ಹರಿತವಾದ ಬಾಣ ಎದೆ ಸೀಳಿತು, ಸ್ವರ್ಗಕ್ಕೆ ಹೋದ ಅನ್ನುತ್ತೆ ಅದು. ಎರಡನ್ನೂ ಪಕ್ಕಪಕ್ಕ ಅಂಟಿಸಿ ಸುಮ್ಮನೆ ಕೂತೆ. ಸುಮ್ಮನೆ ಕೂರೋದು ನಮ್ಮ ಕೆಲಸದಲ್ಲೇ ಜಾಸ್ತಿ ಕಷ್ಟದ್ದು. ಬಾಯಿ ತುರಿಸುತ್ತೆ. ಹಿಂದೊಮ್ಮೆ ಎರಡು ನಿಮಿಷವೂ ತಡೆಯದೆ ಉತ್ತರ ಹೇಳಿಬಿಟ್ಟಿದ್ದೆ. ಮಕ್ಕಳು ತಕ್ಷಣ ಪೆನ್ನು ತೆಗೆದು ಬರೆದುಕೊಂಡರು. ಆ ಪಾಠ ಅಲ್ಲಿಗೇ ಸತ್ತಿತು.

ಈ ಸಲ ತಡೆದೆ. ಆನೆಯನ್ನು ಎರಡೂ ಕಡೆಯವರು ಒಪ್ಪುತ್ತಾರೆ ಅಂತ ಒಂದು ಗುಂಪು ಹೇಳಿತು. ಜಗಳ ಇರೋದು ಆಯುಧದಲ್ಲಿ. ಅದೇ ಹಿಂದಿನ ಬೆಂಚಿನ ಹುಡುಗಿ ಎದ್ದಳು. "ಗೆದ್ದೋರು ಹತ್ರ ಹೋಗಿ ಇರಿದ್ವಿ ಅಂತಾರೆ. ಸೋತೋರು ದೂರದಿಂದ ಹೊಡೆದ್ರು ಅಂತಾರೆ ಸಾರ್."

ಬೆಲ್ ಹೊಡೆಯಿತು. ಯಾರೂ ಏಳಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತೆ, ಅರ್ಧ ಕ್ಲಾಸು ಊಟದ ಡಬ್ಬಿ ತೆಗೆದಿತ್ತು. ಅವಳು ಮಾತ್ರ ಬಾಗಿಲವರೆಗೆ ಬಂದು, ತಾಮ್ರಪಟ ಯುದ್ಧ ಆಗಿ ಎಷ್ಟು ವರ್ಷಕ್ಕೆ ಬರೆದದ್ದು ಅಂತ ಕೇಳಿದಳು. ಐವತ್ತಕ್ಕೂ ಹೆಚ್ಚು ಅಂದೆ.

"ಹಾಗಾದ್ರೆ ಬರೆದೋರು ನೋಡಿರ್ಲಿಕ್ಕಿಲ್ಲ" ಅಂದು ಕೈ ತೊಳೆಯೋಕೆ ಓಡಿದಳು.