ಇಲ್ಲದ ಗುಮ್ಮಟ

ಕೇಳುಗರಿಗೆ ನಮಸ್ಕಾರ. ಇವತ್ತು ರೋಮ್ ನಗರದ ಒಂದು ಚರ್ಚಿನ ಚಾವಣಿ ಬಗ್ಗೆ ಮಾತಾಡೋಣ. ಸಂತ ಇಗ್ನೇಷಿಯಸ್ ಚರ್ಚು. ಈ ಸಂತ ಕಟ್ಟಿದ ಕ್ಯಾಥೊಲಿಕ್ ಸಂಘವೇ ಜೆಸ್ವಿಟ್. ಅದರ ಪಾದ್ರಿಗಳು ಚರ್ಚಿನ ಕೆಲಸ ಶುರು ಮಾಡಿದ್ದು 1626ರಲ್ಲಿ.

ಒಳಗೆ ನಡೆದು ತಲೆಯೆತ್ತಿದರೆ ದೂರದಲ್ಲಿ ದೊಡ್ಡ ಗುಮ್ಮಟ ಕಾಣುತ್ತದೆ. ಸುತ್ತ ಕಂಬ, ನಡುನಡುವೆ ಕಿಟಕಿ. ಹಾಗೇ ಮುಂದೆ ಹೋಗಿ. ಗುಮ್ಮಟ ಯಾಕೋ ಒಂದು ಪಕ್ಕಕ್ಕೆ ವಾಲುತ್ತದೆ. ನೇರ ಕೆಳಗೆ ನಿಂತಾಗ ಗುಟ್ಟು ರಟ್ಟು: ಅಲ್ಲಿರುವುದು ಚಪ್ಪಟೆಯಾಗಿ ಬಿಗಿದ ಕ್ಯಾನ್ವಾಸ್, ಅಷ್ಟೇ!

ಗುಮ್ಮಟ ಕಟ್ಟಲು ದುಡ್ಡು ಸಾಲಲಿಲ್ಲ ಎನ್ನುತ್ತಾರೆ. ನಮ್ಮ ಗ್ರಂಥಾಲಯಕ್ಕೆ ಬೆಳಕು ತಪ್ಪುತ್ತೆ ಅಂತ ಪಕ್ಕದ ಮಠದವರು ತಕರಾರು ತೆಗೆದ ಕಥೆಯೂ ಇದೆ. ಅದೇನೇ ಇರಲಿ, 1685ರಲ್ಲಿ ಆಂದ್ರೆಯಾ ಪೊಟ್ಸೊ ಎಂಬ ಚಿತ್ರಕಾರ ಅದನ್ನು ಬಣ್ಣದಲ್ಲೇ ಕಟ್ಟಿಕೊಟ್ಟ. ಈತ ಪಾದ್ರಿಯಲ್ಲ, ಜೆಸ್ವಿಟ್ ಬ್ರದರ್, ಅಂದರೆ ಸಂಘದೊಳಗಿದ್ದೂ ಪಾದ್ರಿಯಾಗದ ಸದಸ್ಯ. ಹುಟ್ಟಿದ್ದು ಟ್ರೆಂಟ್ ಎಂಬ ಊರಲ್ಲಿ.

ಊರಿನ ಹೆಸರು ಸುಮ್ನೆ ಹೇಳಲಿಲ್ಲ. ಕ್ಯಾಥೊಲಿಕ್ ಬಿಷಪ್ಪರ ಮಹಾಸಭೆ 1545ರಲ್ಲಿ ಶುರುವಾಗಿ, ಬಿಟ್ಟು ಬಿಟ್ಟು ನಡೆದು, 1563ರಲ್ಲಿ ಮುಗಿದದ್ದು ಅಲ್ಲೇ. ಆಗ ಪೋಪರ ಅಧಿಕಾರ ಒಪ್ಪದ ಪ್ರಾಟೆಸ್ಟೆಂಟರು ಕ್ಯಾಥೊಲಿಕ್ ಚರ್ಚಿನಿಂದ ಬೇರೆಯಾಗಿದ್ದರು. ಅದರಲ್ಲೂ ಅವರ ನಾಯಕರಲ್ಲೊಬ್ಬನಾದ ಕಾಲ್ವಿನ್ ಕಡೆಯವರಿಗೆ ಚರ್ಚಿನೊಳಗೆ ಚಿತ್ರ, ಮೂರ್ತಿ ಇಡುವುದೇ ತಪ್ಪು. ಕೆಲವು ಊರುಗಳಲ್ಲಿ ಒಡೆದೂ ಹಾಕಿದ್ದರು. ಸಭೆ ಕೊನೆಯ ಹೊತ್ತಿಗೆ ಉತ್ತರ ಕೊಟ್ಟಿತು. ಚಿತ್ರಗಳು ಇರಲಿ, ಗೌರವ ಸಲ್ಲುವುದು ಬಣ್ಣಕ್ಕಲ್ಲ, ಅದು ತೋರಿಸುವ ಸಂತನಿಗೆ. ಆದರೆ ಚಿತ್ರ ಜನರಿಗೆ ನಂಬಿಕೆ ಕಲಿಸಬೇಕು, ಅಸಭ್ಯವಾಗಿರಬಾರದು.

ಇಷ್ಟೇ. ಅಬ್ಬರವಾಗಿ ಬರೆಯಿರಿ ಅಂತ ಯಾರೂ ಹೇಳಲಿಲ್ಲ. ರೋಮಿನಲ್ಲೇ ಜೆಸ್ವಿಟರ ಮೊದಲ ದೊಡ್ಡ ಚರ್ಚು ಜೆಸು ಇದೆಯಲ್ಲ, ಅದು 1584ರಲ್ಲಿ ಮುಗಿದಾಗ ಒಳಗೆಲ್ಲ ಸಾದಾ ಸೀದಾ. ಇವತ್ತು ನಾವು ಬಾಯಿಬಿಟ್ಟು ನೋಡುವ ಅದರ ಚಾವಣಿ ಚಿತ್ರ ಬಂದದ್ದು 1670ರ ದಶಕದಲ್ಲಿ. ಆ ಕಾಲದ ಇಂಥ ಅಬ್ಬರದ ಕಲೆಗೆ ಬರೋಕ್ ಅಂತ ಹೆಸರು. ಬರೋಕ್ ಎಂದರೆ ಪ್ರಾಟೆಸ್ಟೆಂಟರಿಗೆ ಹೆದರಿದವರ ಪ್ರಚಾರ ಅಂತ ಜಾಸ್ತಿ ಜನ ಹೇಳುತ್ತಾರೆ. ನನಗೆ ಹಾಗನಿಸುವುದಿಲ್ಲ. ಆ ಹೊತ್ತಿಗೆ ಭಯ ಹಳೆಯದಾಗಿ ಹುಮ್ಮಸ್ಸು ಬಂದಿತ್ತು.

ಪೊಟ್ಸೊನ ಹುಮ್ಮಸ್ಸು ನೋಡಬೇಕಾದರೆ ಚರ್ಚಿನ ಉದ್ದನೆಯ ಚಾವಣಿ ನೋಡಬೇಕು. 1691ರಿಂದ 1694ರವರೆಗಿನ ಕೆಲಸ. ನಿಜವಾದ ಗೋಡೆ ಎಲ್ಲಿ ಮುಗಿಯಿತು, ಬರೆದ ಗೋಡೆ ಎಲ್ಲಿ ಶುರುವಾಯಿತು, ಹೇಳುವುದು ಕಷ್ಟ. ಮೇಲೆ ತೆರೆದ ಆಕಾಶ. ಕ್ರಿಸ್ತನಿಂದ ಹೊರಟ ಬೆಳಕು ಇಗ್ನೇಷಿಯಸ್ಸಿನ ಎದೆಗೆ ತಾಗಿ ಅಲ್ಲಿಂದ ನಾಲ್ಕು ಖಂಡಗಳಿಗೆ ಚೆಲ್ಲುತ್ತದೆ. ನಮ್ಮ ಏಷ್ಯಾ ಒಂಟೆಯ ಮೇಲೆ ಕೂತಿದ್ದಾಳೆ!

ಬಾಗಿದ ಚಾವಣಿಯ ಮೇಲೆ ನೇರ ಕಂಬ ಬರೆಯೋದು ಹೇಗೆ? ಉಪಾಯವನ್ನು ಪೊಟ್ಸೊ ತನ್ನ ಪುಸ್ತಕದಲ್ಲೇ ಬಿಡಿಸಿಟ್ಟಿದ್ದಾನೆ. ಮೊದಲು ಕಾಗದದ ನಕ್ಷೆಗೆ ಚೌಕಗಳು. ಚಾವಣಿ ಬಾಗಲು ಶುರುವಾಗುವ ಎತ್ತರದಲ್ಲಿ ಅಷ್ಟೇ ಚೌಕಗಳ ದಾರದ ಬಲೆ. ನೋಡುವವನ ಕಣ್ಣಿರುವ ಜಾಗದಲ್ಲಿ ದೀಪ. ದಾರಗಳ ನೆರಳು ಬಾಗಿದ ಮೇಲ್ಮೈಯಲ್ಲಿ ಸೊಟ್ಟಸೊಟ್ಟಗೆ ಬೀಳುತ್ತದೆ. ಆ ಸೊಟ್ಟ ಚೌಕಗಳೊಳಗೆ ನಕ್ಷೆ ತುಂಬುತ್ತಾ ಹೋದರೆ ಸರಿ. ದೀಪದ ಬೆಳಕು ಸಾಲದ ಕಡೆ, ಕಣ್ಣಿನ ಜಾಗದಿಂದಲೇ ದಾರ ಎಳೆದು ಗುರುತು ಹಾಕಬೇಕು.

ಹೀಗಾಗಿ ಚಿತ್ರ ಸರಿಯಾಗಿ ಕಾಣುವುದು ಒಂದೇ ಜಾಗದಿಂದ. ಪಕ್ಕಕ್ಕೆ ಸರಿದರೆ ಕಂಬಗಳೆಲ್ಲ ಬೀಳುವ ಹಾಗೆ. ಆ ಜಾಗವನ್ನು ಮುಚ್ಚಿಡದೆ ನೆಲದಲ್ಲಿ ಅಮೃತಶಿಲೆಯ ಬಿಲ್ಲೆ ಕೂರಿಸಿದ್ದಾರೆ. ಇದು ಮೋಸ ಹೇಗಾಗುತ್ತೆ ಅಲ್ವಾ? ಗುಮ್ಮಟದ ಕಂಬಗಳನ್ನು ಬರೀ ಚಾಚುಗಲ್ಲಿನ ಮೇಲೆ ನಿಲ್ಲಿಸಿದ್ದೀಯಲ್ಲ ಅಂತ ವಾಸ್ತುಶಿಲ್ಪಿಗಳು ಆಡಿಕೊಂಡರಂತೆ. ಅವು ಕುಸಿದರೆ ಖರ್ಚು ತನ್ನ ಗೆಳೆಯನೊಬ್ಬ ಕೊಡುತ್ತಾನೆ ಅನ್ನುವ ಅರ್ಥದಲ್ಲಿ ಪೊಟ್ಸೊ ತಮಾಷೆಯಾಗಿ ಬರೆದಿದ್ದಾನೆ.

ಇದೇ ಚರ್ಚಿನಲ್ಲಿ ಸಂತ ಅಲೋಶಿಯಸ್ ಸಮಾಧಿ ಇದೆ. ರೋಮಿನಲ್ಲಿ ಪ್ಲೇಗ್ ರೋಗಿಗಳ ಸೇವೆ ಮಾಡುತ್ತಾ, 1591ರಲ್ಲಿ, 23ನೇ ವಯಸ್ಸಿಗೇ ತೀರಿಕೊಂಡವರು. ಅವರ ಪೀಠದ ವಿನ್ಯಾಸವೂ ಪೊಟ್ಸೊನದೇ. ಮಂಗಳೂರಿನವರಿಗೆ ಈ ಹೆಸರು ಹೊಸದಲ್ಲ. ಅಲ್ಲಿನ ಅಲೋಶಿಯಸ್ ಚಾಪೆಲ್ಲಿನ ಗೋಡೆ, ಚಾವಣಿಗಳಿಗೆ 1900ರ ಆಸುಪಾಸಿನಲ್ಲಿ ಚಿತ್ರ ಬರೆದ ಆಂಟೋನಿಯೊ ಮೊಸ್ಕೇನಿ ಕೂಡ ಇಟಲಿಯಿಂದ ಬಂದ ಜೆಸ್ವಿಟ್ ಬ್ರದರ್. ಹತ್ತಿರ ಇರುವವರು ಒಮ್ಮೆ ಹೋಗಿ ನೋಡಿ. ನಮಸ್ಕಾರ.