ಮೊದಲು ಕೈ ಎತ್ತಿದವರು ಯಾರು?

ಕೇಳುಗರಿಗೆ ನಮಸ್ಕಾರ. ಕಾನೂನಿನ ಭಾಷಣ ಅಂದ ಕೂಡಲೇ ರೇಡಿಯೊ ಕಿವಿ ಹಿಂಡುವವರು ಇದ್ದೀರಿ ಅಂತ ಗೊತ್ತು. ಸ್ವಲ್ಪ ತಾಳಿ, ಇದು ಒಬ್ಬ ಮೇಷ್ಟ್ರ ಕಥೆ.

ಹೆಸರು ನಿಕೊಲಾಸ್ ಪೊಲಿಟಿಸ್. ಹುಟ್ಟಿದ್ದು 1872ರಲ್ಲಿ, ಗ್ರೀಸ್ ದೇಶದ ಕೊರ್ಫು ದ್ವೀಪದಲ್ಲಿ. ಆ ದ್ವೀಪದ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತದೆ. ಓದಿದ್ದು ಪ್ಯಾರಿಸ್‌ನಲ್ಲಿ. ಫ್ರಾನ್ಸ್‌ನಲ್ಲೇ ಪಾಠ ಹೇಳುತ್ತ ಹೇಳುತ್ತ ಪ್ಯಾರಿಸ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. 1914ರಲ್ಲಿ ಗ್ರೀಸ್‌ನ ಪ್ರಧಾನಿ ವೆನಿಜೆಲೊಸ್ ಕರೆಸಿಕೊಂಡು ವಿದೇಶಾಂಗ ಇಲಾಖೆಯಲ್ಲಿ ಕೂರಿಸಿದರು. ಎರಡು ವರ್ಷದಲ್ಲಿ ಮೇಷ್ಟ್ರು ಮಂತ್ರಿ!

ಜೀವನಪೂರ್ತಿ ಅವರು ಹಟ ಹಿಡಿದು ಕೇಳಿದ್ದು ಒಂದೇ ಪ್ರಶ್ನೆ: ಮೊದಲು ಕೈ ಎತ್ತಿದವರು ಯಾರು? ಬದುವಿನ ಜಗಳದಲ್ಲಿ ಇಬ್ಬರೂ ಹತ್ತು ಕಾರಣ ಹೇಳುತ್ತಾರಲ್ಲ, ಕಾರಣ ಆಮೇಲೆ ನೋಡೋಣ, ಮೊದಲು ದೊಣ್ಣೆ ಬೀಸಿದ್ದು ಯಾರು ಹೇಳಿ ಅಂತ.

ಈಗ 1923ಕ್ಕೆ ಬನ್ನಿ. ಆಗಸ್ಟ್ 27. ಅಲ್ಬೇನಿಯಾದ ಗಡಿ ಗುರುತಿಸುತ್ತಿದ್ದ ಇಟಲಿಯ ಜನರಲ್ ಟೆಲ್ಲಿನಿಯನ್ನೂ ಜೊತೆಗಿದ್ದವರನ್ನೂ ಗ್ರೀಸ್ ನೆಲದಲ್ಲಿ ಯಾರೋ ಗುಂಡಿಕ್ಕಿ ಕೊಂದರು. ಕೊಂದವರು ಸಿಗಲೇ ಇಲ್ಲ. ಮುಸ್ಸೊಲಿನಿ ಅದಕ್ಕೆಲ್ಲ ಕಾಯುವ ಆಸಾಮಿಯೇ? ಗ್ರೀಸ್ ಕ್ಷಮೆ ಕೇಳಬೇಕು, ಇಟಲಿಯ ಬಾವುಟಕ್ಕೆ ವಂದಿಸಬೇಕು, ಐದು ದಿನದಲ್ಲಿ 5 ಕೋಟಿ ಲೀರಾ ಎಣಿಸಬೇಕು ಅಂದ. ಗ್ರೀಸ್ ಕೆಲವಕ್ಕೆ ಒಪ್ಪಿತು, ಕೆಲವಕ್ಕೆ ಒಪ್ಪಲಿಲ್ಲ. 31ರಂದು ಇಟಲಿಯ ಯುದ್ಧನೌಕೆಗಳು ಕೊರ್ಫು ಮೇಲೆ ಫಿರಂಗಿ ಹಾರಿಸಿದವು. ಹಳೇ ಕೋಟೆಯೊಳಗೆ ಸತ್ತವರು ಯಾರು? ಏಷ್ಯಾ ಮೈನರ್‌ನಿಂದ, ಅಂದರೆ ಇಂದಿನ ಟರ್ಕಿ ಕಡೆಯಿಂದ, ಉಟ್ಟ ಬಟ್ಟೆಯಲ್ಲಿ ಓಡಿಬಂದಿದ್ದ ನಿರಾಶ್ರಿತರು.

ಜಿನೀವಾದಲ್ಲಿ ರಾಷ್ಟ್ರಸಂಘದ ಮುಂದೆ, ಅಂದರೆ ಮೊದಲ ಮಹಾಯುದ್ಧದ ನಂತರ ಶಾಂತಿ ಕಾಯಲು ದೇಶಗಳು ಕಟ್ಟಿಕೊಂಡಿದ್ದ ಸಂಘದ ಮುಂದೆ, ಗ್ರೀಸ್ ಪರ ನಿಂತವರು ಪೊಲಿಟಿಸ್. ಗುಂಡು ಬಿದ್ದದ್ದು ಅವರ ಹುಟ್ಟೂರಿಗೇ! ಎದುರಿಗೆ ಇಟಲಿಯ ಸಲಾಂದ್ರಾ, ಮಾಜಿ ಪ್ರಧಾನಿ. ತಮಾಷೆ ನೋಡಿ, ಅವರೂ ರೋಮ್‌ನಲ್ಲಿ ಪ್ರಾಧ್ಯಾಪಕರಾಗಿದ್ದವರು. ಅವರ ವಾದ ಏನು ಗೊತ್ತೇ? ಇದು ಯುದ್ಧವೇ ಅಲ್ಲ, ತಾತ್ಕಾಲಿಕ ಕ್ರಮ, ರಾಷ್ಟ್ರಸಂಘ ಇದರಲ್ಲಿ ತಲೆಹಾಕಬೇಡ! ಬ್ರಿಟನ್ನಿನ ಲಾರ್ಡ್ ಸೆಸಿಲ್‌ಗೆ ರೇಗಿಹೋಗಿ, ಇನ್ನೊಬ್ಬರ ನೆಲಕ್ಕೆ ಕೈ ಹಾಕಬಾರದು, ಜಗಳವನ್ನು ಮೊದಲು ಪಂಚಾಯ್ತಿಗೆ ತರಬೇಕು ಎನ್ನುವ ಸಂಘದ ಒಡಂಬಡಿಕೆಯ 10, 12, 15ನೇ ಕಲಮುಗಳನ್ನು ಸಭೆಯಲ್ಲೇ ಗಟ್ಟಿಯಾಗಿ ಓದಿಸಿದರು. ಓದಿದ್ದಷ್ಟೇ ಬಂತು. ವ್ಯವಹಾರ ಪ್ಯಾರಿಸ್‌ನಲ್ಲಿ ಕೂಡುತ್ತಿದ್ದ, ಮಹಾಯುದ್ಧ ಗೆದ್ದ ದೊಡ್ಡ ದೇಶಗಳ ರಾಯಭಾರಿಗಳ ಕೈಗೆ ಹೋಯಿತು. ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ತೀರ್ಮಾನಿಸಲಿ ಅಂತ ಗ್ರೀಸ್ ಸ್ವಿಟ್ಜರ್ಲೆಂಡ್‌ನ ಬ್ಯಾಂಕಿನಲ್ಲಿ ಇಟ್ಟಿದ್ದ 5 ಕೋಟಿಯನ್ನು, ವಿಚಾರಣೆಯೇ ಇಲ್ಲದೆ ಇಟಲಿಗೆ ಕೊಡಿಸಿದರು. ಇಟಲಿ ದ್ವೀಪ ಬಿಟ್ಟುಹೋಯಿತು. ಹೊಡೆದವನಿಗೇ ದುಡ್ಡು! ನನಗೆ ಈಗಲೂ ಇದನ್ನು ಹೇಳುವಾಗ ಮೈ ಉರಿಯುತ್ತದೆ.

ಕಥೆ ಉದ್ದವಾಯಿತು, ಗಾಜಿನಾಚೆಯಿಂದ ಕೈಸನ್ನೆ ಬರುತ್ತಿದೆ. ಆದರೆ ಇದೊಂದನ್ನು ಹೇಳದೆ ಏಳುವುದಿಲ್ಲ. ಹತ್ತು ವರ್ಷದ ನಂತರ, 1933ರಲ್ಲಿ, ಸೋವಿಯತ್ ಮಂತ್ರಿ ಲಿಟ್ವಿನೊವ್ ಆಕ್ರಮಣ ಎಂದರೇನು ಎಂಬುದಕ್ಕೆ ಒಂದು ಕರಡು ಮುಂದಿಟ್ಟರು. ಅದನ್ನು ತಿದ್ದಿ ತೀಡಿ ವರದಿ ಮಾಡಿದವರು ಪೊಲಿಟಿಸ್. ಯುದ್ಧ ಸಾರಿದವರು, ಸಾರದೆಯೇ ಗಡಿ ದಾಟಿದವರು, ಬಾಂಬು ಹಾಕಿದವರು, ಬಂದರು ಮುಚ್ಚಿದವರು, ಸಶಸ್ತ್ರ ಗುಂಪುಗಳಿಗೆ ಬೆಂಬಲ ಕೊಟ್ಟವರು, ಇವರಲ್ಲಿ ಯಾರು ಮೊದಲು ಮಾಡಿದರೋ ಅವರೇ ಆಕ್ರಮಣಕಾರರು. ಮಾನ ಹೋಯಿತು, ಸಾಲ ತೀರಿಸಲಿಲ್ಲ, ನಮ್ಮವರಿಗೆ ಅಲ್ಲಿ ತೊಂದರೆಯಾಯಿತು, ಯಾವ ನೆಪವೂ ನಡೆಯದು. ಅದೇ ಪ್ರಶ್ನೆ, ಗಮನಿಸಿದಿರಾ? ಮೊದಲು ಕೈ ಎತ್ತಿದವರು ಯಾರು? ಆ ಜುಲೈಯಲ್ಲಿ ಸೋವಿಯತ್ ಒಕ್ಕೂಟ, ಟರ್ಕಿ, ಪರ್ಷಿಯಾ, ಅಫ್ಘಾನಿಸ್ತಾನ ಮೊದಲಾದ ದೇಶಗಳು ಲಂಡನ್‌ನಲ್ಲಿ ಇದೇ ಧಾಟಿಯ ಒಪ್ಪಂದಕ್ಕೆ ಸಹಿ ಹಾಕಿದವು.

ರಾಷ್ಟ್ರಸಂಘದ ಅಧಿವೇಶನದ ಅಧ್ಯಕ್ಷರಾಗಿದ್ದದ್ದು, ಪ್ಯಾರಿಸ್‌ನಲ್ಲಿ ಗ್ರೀಸ್‌ನ ರಾಯಭಾರಿಯಾಗಿದ್ದದ್ದು, ಅದಕ್ಕೆಲ್ಲ ಸಮಯವಿಲ್ಲ. 1940ರ ಅಕ್ಟೋಬರ್ 28ರಂದು ಇಟಲಿ ಮತ್ತೆ ಗ್ರೀಸ್ ಮೇಲೆ ನುಗ್ಗಿತು. ಪೊಲಿಟಿಸ್ 1942ರಲ್ಲಿ ಫ್ರಾನ್ಸ್‌ನ ಕಾನ್ ಪಟ್ಟಣದಲ್ಲಿ ತೀರಿಕೊಂಡರು. ಆಕ್ರಮಣಕ್ಕೆ ವಿಶ್ವಸಂಸ್ಥೆ ತನ್ನದೇ ವ್ಯಾಖ್ಯೆ ಒಪ್ಪಿಕೊಂಡದ್ದು 1974ರಲ್ಲಿ. ಕಾನೂನು ಓದುವ ಮಕ್ಕಳೇ, ಆ ನಿರ್ಣಯದ ಸಂಖ್ಯೆ 3314, ಬರೆದುಕೊಳ್ಳಿ. ಅದರ ಪಕ್ಕದಲ್ಲೇ 1933ರ ಪಠ್ಯ ಇಟ್ಟುಕೊಂಡು ಓದಿ ನೋಡಿ. ನಮಸ್ಕಾರ.