ಅಮ್ಮನ ಜೊತೆ ಲಂಡನ್: ನನ್ನ ಪ್ಲಾನ್ ಶುರುವಾಗಿದ್ದು ಭಾನುವಾರದಿಂದ

ಎಲ್ಲರಿಗೂ ನಮಸ್ಕಾರ. ಟೇಬಲ್ ಮೇಲೆ ಹರಡಿರುವುದು ಲಂಡನ್ನಿನ ಮ್ಯಾಪ್. ಪಕ್ಕದಲ್ಲಿ ಕೂತು ಕನ್ನಡಕ ಸರಿಮಾಡಿಕೊಳ್ಳುತ್ತಿರುವವರು ನಮ್ಮಮ್ಮ. ಬರುವ ಜೂನ್ ಕೊನೆಗೆ ನಾವಿಬ್ಬರೂ ಅಲ್ಲಿಗೆ ಹೋಗಬೇಕು ಅಂತ ಮನೆಯಲ್ಲಿ ತೀರ್ಮಾನವಾಗಿದೆ. ಇವತ್ತಿನ ವಿಡಿಯೋ ಪೂರ್ತಿ ಆ ಪ್ಲಾನ್ ಬಗ್ಗೆಯೇ.

ಲಂಡನ್ ಅಂದ ಕೂಡಲೇ ಎಲ್ಲರೂ ಹೇಳುವುದು ಬಿಗ್ ಬೆನ್, ಟವರ್ ಬ್ರಿಡ್ಜ್, ಅರಮನೆ. ಅವನ್ನೂ ನೋಡುತ್ತೇವೆ. ಆದರೆ ಅವು ಸೋಮವಾರವೂ ಅಲ್ಲೇ ಇರುತ್ತವೆ, ಗುರುವಾರವೂ ಅಲ್ಲೇ ಇರುತ್ತವೆ. ನನಗೆ ಜಾಸ್ತಿ ಆಸೆ ಇರುವುದು ಬೇರೆ ಬೇರೆ ದೇಶಗಳಿಂದ ಬಂದು ಆ ಊರಲ್ಲಿ ಬೇರು ಬಿಟ್ಟ ಜನರ ಬೀದಿಗಳನ್ನು ನೋಡುವುದಕ್ಕೆ. 2021ರ ಜನಗಣತಿ ಪ್ರಕಾರ ಲಂಡನ್ನಿನ ಜನಸಂಖ್ಯೆ ಸುಮಾರು 88 ಲಕ್ಷ. ಅವರಲ್ಲಿ ನೂರಕ್ಕೆ 40 ಮಂದಿ ಬ್ರಿಟನ್ನಿನ ಹೊರಗೆ ಹುಟ್ಟಿದವರು. ಈ ಜನರ ಬೀದಿಗಳಿಗೆ ವಾರದ ಒಂದೊಂದು ದಿನ ಒಂದೊಂದು ಕಳೆ. ಒಂದು ಕಡೆ ಭಾನುವಾರ ಕಾಲಿಡೋಕೆ ಜಾಗ ಇರುವುದಿಲ್ಲ. ಉತ್ತರ ಲಂಡನ್ನಿನ ಗೋಲ್ಡರ್ಸ್ ಗ್ರೀನ್‌ನಲ್ಲಿ ಶನಿವಾರ ಯಹೂದಿಗಳ ಸಬ್ಬತ್, ಅಂದರೆ ವಾರದ ವಿಶ್ರಾಂತಿ ದಿನ, ಅವರ ಅಂಗಡಿಗಳಿಗೆ ಬಾಗಿಲು. ಅದಕ್ಕೇ ನಾನು ಜಾಗಗಳ ಪಟ್ಟಿ ಪಕ್ಕಕ್ಕಿಟ್ಟು, ಮೊದಲು ವಾರದ ದಿನಗಳನ್ನು ಬರೆದುಕೊಂಡೆ. ಭಾನುವಾರಕ್ಕೆ ದೊಡ್ಡದಾಗಿ ಸುತ್ತು ಹಾಕಿದೆ.

ಭಾನುವಾರ ಬ್ರಿಕ್ ಲೇನ್. ಆ ದಿನ ಕಾಲಿಡೋಕೆ ಜಾಗ ಇರುವುದಿಲ್ಲ ಅಂದೆನಲ್ಲ, ಅದು ಇದೇ. ಪೂರ್ವ ಲಂಡನ್ನಿನ ಉದ್ದನೆಯ, ಕಿರಿದಾದ ಬೀದಿ. ಅಲ್ಲಿ ಫೋರ್ನಿಯರ್ ಸ್ಟ್ರೀಟ್ ಮೂಲೆಯಲ್ಲಿ ಒಂದು ಇಟ್ಟಿಗೆ ಕಟ್ಟಡವಿದೆ. ಈ ಪ್ರವಾಸದಲ್ಲಿ ಒಂದೇ ಒಂದು ಕಟ್ಟಡ ನೋಡಬಹುದು ಅಂದರೆ ನಾನು ಆರಿಸಿಕೊಳ್ಳುವುದು ಇದನ್ನೇ. ಕಟ್ಟಿದ್ದು 1743ರಲ್ಲಿ, ಫ್ರಾನ್ಸಿನಿಂದ ಬಂದ ಹ್ಯೂಗನಾಟ್ ಅನ್ನುವ ಪ್ರಾಟೆಸ್ಟೆಂಟ್ ಕ್ರೈಸ್ತರು, ತಮ್ಮ ಚರ್ಚ್ ಆಗಿ. 1685ರಲ್ಲಿ ಫ್ರಾನ್ಸಿನ ರಾಜ 14ನೇ ಲೂಯಿ ಈ ಪ್ರಾಟೆಸ್ಟೆಂಟರ ಧರ್ಮಕ್ಕಿದ್ದ ರಕ್ಷಣೆಯನ್ನು ಕಿತ್ತುಹಾಕಿದ. ಅವರು ಊರು ಬಿಟ್ಟು ಓಡಿಬಂದರು. ಮುಂದೆ ಅದೇ ಕಟ್ಟಡ ಮೆಥಡಿಸ್ಟ್ ಕ್ರೈಸ್ತರ ಚಾಪೆಲ್ ಆಯಿತು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ, ರಷ್ಯಾ ಮತ್ತು ಪೂರ್ವ ಯುರೋಪಿನಿಂದ ಬಂದ ಯಹೂದಿಗಳು ಅದನ್ನು ಸಿನಗಾಗ್, ಅಂದರೆ ತಮ್ಮ ಪ್ರಾರ್ಥನಾ ಮಂದಿರ, ಮಾಡಿಕೊಂಡರು. 1976ರಿಂದ ಅದು ಮಸೀದಿ. ಈಗ ಅಲ್ಲಿ ನಮಾಜ್ ಮಾಡುವವರಲ್ಲಿ ಹೆಚ್ಚಿನವರು ಬಾಂಗ್ಲಾದೇಶದ ಸಿಲ್ಹೆಟ್ ಕಡೆಯ ಕುಟುಂಬದವರು. ಗೋಡೆ ಅದೇ, ಮೇಲಿರುವ 1743ರ ನೆರಳು ಗಡಿಯಾರವೂ ಅದೇ. ಒಂದು ಊರು ಬಂದವರಿಗೆ ಹೇಗೆ ಜಾಗ ಕೊಡುತ್ತಾ ಬಂತು ಅನ್ನುವುದನ್ನು ಇಷ್ಟು ನೇರವಾಗಿ ತೋರಿಸುವ ಇನ್ನೊಂದು ಕಟ್ಟಡ ನನಗೆ ಗೊತ್ತಿಲ್ಲ.

ಅಮ್ಮನಿಗೆ ಅಲ್ಲಿ ಇನ್ನೊಂದು ಆಸೆ ಇದೆ. ಅವರ ತವರು ಇಳಕಲ್. ಮಗ್ಗದ ಸದ್ದು ಕೇಳುತ್ತಾ ಬೆಳೆದವರು. ಆ ಹ್ಯೂಗನಾಟರಲ್ಲಿ ಎಷ್ಟೋ ಜನ ರೇಷ್ಮೆ ನೇಕಾರರು. ಫೋರ್ನಿಯರ್ ಸ್ಟ್ರೀಟಿನ ಹಳೇ ಮನೆಗಳನ್ನು ಕತ್ತೆತ್ತಿ ನೋಡಿದರೆ ಮೇಲಂತಸ್ತಿನಲ್ಲಿ ಅಗಲವಾದ ಕಿಟಕಿಗಳಿವೆ. ಮಗ್ಗಕ್ಕೆ ಬೆಳಕು ಬೇಕಲ್ವಾ, ಅದಕ್ಕೆ. ಈ ಫೋಟೋ ತೋರಿಸಿದಾಗ ಅಮ್ಮ ಕೇಳಿದ ಮೊದಲ ಪ್ರಶ್ನೆ, "ಅಷ್ಟು ಮೇಲಕ್ಕೆ ಮಗ್ಗ ಹೆಂಗ ಏರಿಸಿದ್ರೋ?" ನನಗೆ ಆ ಪ್ರಶ್ನೆ ತುಂಬಾ ಇಷ್ಟವಾಯಿತು. ಆ ಬೀದಿಯಲ್ಲಿ ಅವಸರ ಮಾಡಬಾರದು ಅಂತ ಅಲ್ಲೇ ನಿರ್ಧರಿಸಿದೆ.

ಬ್ರಿಕ್ ಲೇನ್‌ನಿಂದ ಸ್ವಲ್ಪ ನಡೆದರೆ ವೈಟ್‌ಚಾಪೆಲ್ ರಸ್ತೆಯಲ್ಲಿ ಆಲ್ತಾಬ್ ಅಲಿ ಪಾರ್ಕ್. ಆಲ್ತಾಬ್ ಅಲಿ ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಬಂಗಾಳಿ ಯುವಕ. 1978ರ ಮೇ 4ರಂದು, ಕೆಲಸ ಮುಗಿಸಿ ಮನೆಗೆ ಹೋಗುತ್ತಿದ್ದಾಗ ಜನಾಂಗ ದ್ವೇಷಕ್ಕೆ ಅವನನ್ನು ಕೊಂದರು. ಕೆಲವೇ ದಿನಗಳಲ್ಲಿ ಸಾವಿರಾರು ಜನ ಅವನ ಶವಪೆಟ್ಟಿಗೆಯ ಹಿಂದೆ ಪ್ರಧಾನಿ ಮನೆಯ ಕಡೆಗೆ ಮೆರವಣಿಗೆ ಹೋದರು. ಪಾರ್ಕಿನೊಳಗೆ ಢಾಕಾದ ಶಹೀದ್ ಮಿನಾರಿನ ಚಿಕ್ಕ ಪ್ರತಿರೂಪವಿದೆ. 1952ರ ಫೆಬ್ರವರಿ 21ರಂದು ಬಂಗಾಳಿ ಭಾಷೆಗಾಗಿ ಪ್ರಾಣ ಕೊಟ್ಟವರ ನೆನಪು ಅದು. ಹತ್ತಿರದ ವೈಟ್‌ಚಾಪೆಲ್ ಸ್ಟೇಷನ್‌ನಲ್ಲಿ 2022ರಿಂದ ಬಂಗಾಳಿಯಲ್ಲೂ ಬೋರ್ಡ್ ಇದೆ. ಬೋರ್ಡಿನ ಮೇಲೆ ನಮ್ಮ ಅಕ್ಷರ ಕಂಡರೆ ಆಗುವ ಸಂತೋಷ ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿನ ಸುಖದ ಹಿಂದೆ ಎಷ್ಟು ಕಷ್ಟ ಇತ್ತು ಅಂತ ತಿಳಿದುಕೊಂಡು ಹೋಗಬೇಕು. ಸುಮ್ನೆ ಬಾಂಗ್ಲಾದೇಶಿ ಊಟದ ಹೋಟೆಲ್‌ಗಳ ಬೀದಿ ಅಂತ ನೋಡಿ ಬಂದರೆ ಅರ್ಧ ಮಾತ್ರ ನೋಡಿದ ಹಾಗೆ.

ಈಗ ಮ್ಯಾಪಿನಲ್ಲಿ ಈ ನೇರಳೆ ಗೆರೆ ನೋಡಿ. ಎಲಿಜಬೆತ್ ಲೈನ್ ಅನ್ನುವ ರೈಲು ಮಾರ್ಗ. 2022ರ ಮೇ ತಿಂಗಳಲ್ಲಿ ಶುರುವಾಯಿತು. ಪಶ್ಚಿಮದಲ್ಲಿ ಹೀಥ್ರೂ ವಿಮಾನ ನಿಲ್ದಾಣ, ದಾರಿಯಲ್ಲಿ ಪಂಜಾಬಿಗಳ ಸೌತಾಲ್, ಪೂರ್ವದಲ್ಲಿ ವೈಟ್‌ಚಾಪೆಲ್. ವೈಟ್‌ಚಾಪೆಲ್‌ನಲ್ಲಿ ಇಳಿದು ಡಿಸ್ಟ್ರಿಕ್ಟ್ ಲೈನ್ ಹತ್ತಿದರೆ ಈಸ್ಟ್ ಹ್ಯಾಮ್. ಅಲ್ಲಿ ತಮಿಳರು, ಮಲಯಾಳಿಗಳು ಜಾಸ್ತಿ. ಇಡ್ಲಿ, ದೋಸೆ, ಕರಿಬೇವು, ತೆಂಗಿನಕಾಯಿ ಎಲ್ಲ ಸಿಗುತ್ತದೆ. ನಾವು ಉಳಿಯುವ ಜಾಗವನ್ನು ಈ ಕಡೆಯೇ, ಟಿಕೆಟ್ ದರಕ್ಕಾಗಿ ಊರನ್ನು ನಡುವಿನಿಂದ ಹೊರಕ್ಕೆ ಭಾಗ ಮಾಡಿರುವ ಜೋನ್‌ಗಳಲ್ಲಿ ಎರಡನೇ ಅಥವಾ ಮೂರನೇ ಜೋನ್‌ನಲ್ಲಿ ಹುಡುಕುತ್ತಿರುವುದು ಅದಕ್ಕೇ. ನಡು ಊರಿನ ದುಬಾರಿ ಹೋಟೆಲ್‌ಗಿಂತ ಸ್ಟೇಷನ್ ಹತ್ತಿರ ಇರುವ, ಅಡುಗೆಮನೆ ಇರುವ ಪುಟ್ಟ ಮನೆ ವಾಸಿ ಅಂತ ನನ್ನ ಅಭಿಪ್ರಾಯ. ಸಸ್ಯಾಹಾರಿ ಅಮ್ಮ ಜೊತೆಗಿದ್ದಾಗ ಅಂತೂ ಇನ್ನೂ ವಾಸಿ.

ಓಡಾಟದ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಲಂಡನ್ ಬಸ್ಸಿನಲ್ಲಿ 2014ರಿಂದ ನಗದು ತೆಗೆದುಕೊಳ್ಳುವುದಿಲ್ಲ. ಕಾಂಟ್ಯಾಕ್ಟ್‌ಲೆಸ್ ಕಾರ್ಡ್ ಅಥವಾ ದುಡ್ಡು ತುಂಬಿಸಿ ಬಳಸುವ ಲಂಡನ್ ಸಾರಿಗೆಯ ಆಯ್ಸ್ಟರ್ ಕಾರ್ಡ್ ಬೇಕು. ತಲೆಗೊಂದು ಕಾರ್ಡ್. ಬೆಳಗ್ಗೆ ಕಾರ್ಡ್, ಸಂಜೆ ಫೋನ್ ಅಂತ ಬದಲಿಸಬೇಡಿ. ದಿನಕ್ಕೆ ಇಷ್ಟಕ್ಕಿಂತ ಹೆಚ್ಚು ದುಡ್ಡು ಕಡಿಯುವುದಿಲ್ಲ ಅನ್ನುವ ಮಿತಿ ಇದೆ. ಒಂದೇ ಕಾರ್ಡ್ ಬಳಸಿದರೆ ಮಾತ್ರ ಅದರ ಲಾಭ ಸಿಗುತ್ತದೆ. ಬಸ್ಸಿಗೆ ಒಮ್ಮೆ ದುಡ್ಡು ಕೊಟ್ಟರೆ ಒಂದು ಗಂಟೆಯೊಳಗೆ ಎಷ್ಟು ಬಸ್ ಬೇಕಾದರೂ ಬದಲಿಸಿ ಹತ್ತಬಹುದು. ಹೀಥ್ರೂನಿಂದ ಊರೊಳಗೆ ಬರಲು ಪಿಕಡಿಲಿ ಲೈನ್ ಅಗ್ಗ, ಎಲಿಜಬೆತ್ ಲೈನ್ ಬೇಗ.

ಜೂನ್ ಯಾಕೆ? ಒಂದು, ಹಗಲು. ಆಗ ಅಲ್ಲಿ ರಾತ್ರಿ ಒಂಬತ್ತು ದಾಟಿದ ಮೇಲೆ ಸೂರ್ಯ ಮುಳುಗುತ್ತಾನೆ. ಡಿಸೆಂಬರಿನಲ್ಲಾದರೆ ಸಂಜೆ ನಾಲ್ಕಕ್ಕೇ ಕತ್ತಲು. ಕ್ರಿಸ್‌ಮಸ್ ದಿನ ಟ್ಯೂಬ್ ಅನ್ನುವ ನೆಲದಡಿಯ ರೈಲೂ ಇಲ್ಲ, ಬಸ್ಸೂ ಇಲ್ಲ. ಇನ್ನೊಂದು ಕಾರಣ ಜೂನ್ 22. 1948ರಲ್ಲಿ ಅದೇ ದಿನ ಎಂಪೈರ್ ವಿಂಡ್‌ರಶ್ ಹಡಗಿನಿಂದ ಜಮೈಕಾ ಮತ್ತಿತರ ಕೆರಿಬಿಯನ್ ದ್ವೀಪಗಳ ನೂರಾರು ಜನ ಟಿಲ್ಬರಿ ಬಂದರಿನಲ್ಲಿ ಇಳಿದರು. ಉಳಿಯಲು ಮನೆ ಇಲ್ಲದ ಕೆಲವರನ್ನು ದಕ್ಷಿಣ ಲಂಡನ್ನಿನ ಕ್ಲಾಪಮ್‌ನಲ್ಲಿ ಯುದ್ಧಕಾಲದ ನೆಲದಡಿಯ ಆಶ್ರಯತಾಣದಲ್ಲಿ ಇರಿಸಿದರು. ಹತ್ತಿರದ ಉದ್ಯೋಗ ಕಚೇರಿ ಇದ್ದದ್ದು ಬ್ರಿಕ್ಸ್‌ಟನ್‌ನಲ್ಲಿ. ಕೆಲಸ ಹುಡುಕಿಕೊಂಡು ಅಲ್ಲಿಗೆ ಹೋದವರಲ್ಲಿ ಎಷ್ಟೋ ಜನ ಅಲ್ಲೇ ನೆಲೆ ನಿಂತರು. 2018ರಿಂದ ಜೂನ್ 22 ವಿಂಡ್‌ರಶ್ ದಿನ. ಆ ದಿನ ನಾವು ಬ್ರಿಕ್ಸ್‌ಟನ್‌ನಲ್ಲಿ ಇರುತ್ತೇವೆ. ವಿಂಡ್‌ರಶ್ ಚೌಕದಲ್ಲೇ ಬ್ರಿಟನ್ನಿನ ಕಪ್ಪು ಜನರ ಇತಿಹಾಸದ ಸಂಗ್ರಹಾಲಯ, ಬ್ಲ್ಯಾಕ್ ಕಲ್ಚರಲ್ ಆರ್ಕೈವ್ಸ್ ಇದೆ. ಮೊದಲು ಅದು, ಆಮೇಲೆ ಎಲೆಕ್ಟ್ರಿಕ್ ಅವೆನ್ಯೂ ಮಾರ್ಕೆಟ್. ಅಲ್ಲಿ ಬಾಳೆಕಾಯಿ, ಗೆಣಸು, ಬೆಂಡೆಕಾಯಿ ರಾಶಿ ಕಂಡರೆ ಅಮ್ಮ ಚೀಲ ಹಿಡಿಯದೆ ಬಿಡುವುದಿಲ್ಲ.

ಆಗಸ್ಟ್ ಕೊನೆಯ ನಾಟಿಂಗ್ ಹಿಲ್ ಕಾರ್ನಿವಲ್ ಕೂಡ ಕೆರಿಬಿಯನ್ ಜನರದೇ ದೊಡ್ಡ ಹಬ್ಬ. ಗೆಳೆಯರ ಜೊತೆ ಹೋಗುವವರು ಅದನ್ನೇ ಆರಿಸಿಕೊಳ್ಳಿ. ಅಷ್ಟು ಲಕ್ಷ ಜನರ ನೂಕುನುಗ್ಗಲು ಅಮ್ಮನ ಮೊಣಕಾಲಿಗೆ ಆಗುವುದಿಲ್ಲ.

ಸೌತಾಲ್‌ಗೆ ಅರ್ಧ ದಿನ. ಸ್ಟೇಷನ್ ಬೋರ್ಡ್ ಪಂಜಾಬಿ ಬರೆಯುವ ಗುರುಮುಖಿ ಲಿಪಿಯಲ್ಲೂ ಇದೆ. ಶ್ರೀ ಗುರು ಸಿಂಗ್ ಸಭಾ ಗುರುದ್ವಾರದಲ್ಲಿ ಲಂಗರ್ ಅನ್ನುವ ಉಚಿತ ಊಟ, ಯಾರು ಬಂದರೂ ಸರಿ. ತಲೆಗೆ ಬಟ್ಟೆ ಇರಬೇಕು, ಕಾಲಲ್ಲಿ ಚಪ್ಪಲಿ ಇರಬಾರದು, ಅಷ್ಟೇ. ಇನ್ನು, ಲಂಡನ್ ಬ್ರಿಡ್ಜ್ ಹತ್ತಿರದ ತಿನಿಸುಗಳ ಮಾರುಕಟ್ಟೆ 'ಬರೋ ಮಾರ್ಕೆಟ್' (Borough Market) ಸೋಮವಾರ ಮುಚ್ಚಿರುತ್ತದೆ, ಆ ದಿನ ಅತ್ತ ಹೋಗಬೇಡಿ.

ಶುಕ್ರವಾರ ಸಂಜೆ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ. ಶುಕ್ರವಾರ ರಾತ್ರಿ ಹತ್ತರವರೆಗೆ ತೆರೆದಿರುತ್ತದೆ, ಪ್ರವೇಶ ಉಚಿತ. ಟಿಪ್ಪುವಿನ ಹುಲಿ ಇರುವುದು ಅಲ್ಲೇ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರು ಹೊತ್ತೊಯ್ದ ಮರದ ಹುಲಿ. ಒಬ್ಬ ಯುರೋಪಿಯನ್ ಸಿಪಾಯಿಯ ಮೇಲೆ ಎರಗಿರುವ ಹಾಗಿದೆ, ಹೊಟ್ಟೆಯೊಳಗೆ ಒಂದು ಚಿಕ್ಕ ಆರ್ಗನ್ ವಾದ್ಯ. ಅದು ಶ್ರೀರಂಗಪಟ್ಟಣದಲ್ಲೇ ಇರಬೇಕಿತ್ತು ಅನ್ನುವುದು ನನ್ನ ಮನಸ್ಸಿನ ಮಾತು. ಆದರೂ ಹೋಗಿ ನೋಡಲೇಬೇಕು.

ಪಾರ್ಲಿಮೆಂಟ್ ನೋಡಿದ ದಿನವೇ ಸೇತುವೆ ದಾಟಿ ಥೇಮ್ಸ್‌ನ ಆಚೆ ದಡಕ್ಕೆ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ಗೆ. ಅಲ್ಲಿ ಬಸವಣ್ಣನವರ ಪ್ರತಿಮೆ ಇದೆ, 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದ್ದು. ಅದಕ್ಕಾಗಿ ಓಡಾಡಿದವರು ಆ ಭಾಗದ ಸ್ಥಳೀಯ ಆಡಳಿತವಾದ ಲ್ಯಾಂಬೆತ್‌ನ ಮೇಯರ್ ಆಗಿದ್ದ ಕಲಬುರಗಿಯ ನೀರಜ್ ಪಾಟೀಲರು. ಅಮ್ಮ ಅಲ್ಲಿ ಒಂದು ವಚನ ಹೇಳಬೇಕು ಅಂತ ಈಗಲೇ ಆರಿಸಿಟ್ಟುಕೊಂಡಿದ್ದಾರೆ.

ವೀಸಾ ವಿಷಯ. ಬ್ರಿಟನ್ನಿನ ವಿಸಿಟರ್ ವೀಸಾಗೆ ಹೊರಡುವ ದಿನಕ್ಕಿಂತ ಮೂರು ತಿಂಗಳು ಮೊದಲು ಮಾತ್ರ ಅರ್ಜಿ ಹಾಕಲು ಸಾಧ್ಯ. ಬೆರಳಚ್ಚು ಕೊಟ್ಟ ಮೇಲೆ ಸಾಮಾನ್ಯವಾಗಿ ಮೂರು ವಾರದಲ್ಲಿ ಉತ್ತರ ಬರುತ್ತದೆ. ಹಾಗಾಗಿ ನಮ್ಮ ಅರ್ಜಿ ಮಾರ್ಚ್ ಕೊನೆಗೆ. ಅಷ್ಟರೊಳಗೆ ಬ್ಯಾಂಕ್ ಸ್ಟೇಟ್‌ಮೆಂಟು, ಅಮ್ಮನ ಪಿಂಚಣಿ ಕಾಗದ ಎಲ್ಲ ಜೋಡಿಸಬೇಕು. ಆ ವಿಡಿಯೋ ಬೇರೆ ಮಾಡುತ್ತೇನೆ.

ಒಂದು ಮಧ್ಯಾಹ್ನ ಇನ್ನೂ ಖಾಲಿ ಇದೆ. ಹ್ಯಾರಿಂಗೇ ಕಡೆಯ ಗ್ರೀನ್ ಲೇನ್ಸ್‌ನಲ್ಲಿ ಟರ್ಕಿ ಜನರ ಬೇಕರಿಗಳೋ, ನ್ಯೂ ಮಾಲ್ಡನ್‌ನ ಕೊರಿಯನ್ ಬೀದಿಯೋ, ಎರಡರಲ್ಲಿ ಒಂದು. ಲಂಡನ್ನಿನಲ್ಲಿರುವ ಕನ್ನಡದವರು ಯಾರಾದರೂ ನೋಡುತ್ತಿದ್ದರೆ, ಸಸ್ಯಾಹಾರಿಗಳಿಗೆ ಯಾವ ಕಡೆ ಒಳ್ಳೆಯ ಊಟ ಸಿಗುತ್ತದೆ ಅಂತ ದಯವಿಟ್ಟು ಬರೆಯಿರಿ. ನಿಮ್ಮ ಉತ್ತರ ನೋಡಿ ಆ ಮಧ್ಯಾಹ್ನ ಗೊತ್ತು ಮಾಡುತ್ತೇವೆ.